ಮೂರನೇ ಕರೆಗೆ ಒತ್ತಿದ ಗುಂಡಿ

ಗೆಳೆಯರೇ, ಶಿಗ್ಗಾಂವಿಯಲ್ಲಿ ಜನರ ಕಿವಿ ಪರೀಕ್ಷಿಸಿ ಹೊಟ್ಟೆ ಹೊರೆಯುವ ನಾನು ಇಂದು ಹೆದರಿದ್ದೇನೆ. ನಗಬೇಡಿ.

ತಡಸದ ಹುಡುಗಿಯೊಬ್ಬಳು ಪೈಲಟ್ ಆಗಲು ಹೊರಟಿದ್ದಾಳೆ. ಮುಂದಿನ ವಾರ ಅವಳ ವೈದ್ಯಕೀಯ ತಪಾಸಣೆ. ಅಲ್ಲಿ ಕಿವಿ ಮಂದವೆಂದು ಕಂಡರೆ ವಿಮಾನದ ಮಾತು ಅಲ್ಲಿಗೇ ಮುಗಿಯಿತು. ಹಾಗಾಗಿ ಇಂದು ಬೆಳಿಗ್ಗೆ ಮೊದಲು ನನ್ನ ಬಳಿ ಬಂದಿದ್ದಳು. ಹೆಡ್‌ಫೋನಿನಲ್ಲಿ ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಬೇಕು. ಅವಳು ಪ್ರತಿ ಸಲವೂ ಮೂರನೇ ಸದ್ದಿಗೇ ಒತ್ತಿದಳು.

“ಮೊದಲಿನ ಎರಡು ಕೇಳಲಿಲ್ಲೇನವಾ?”

“ಕೇಳಿದ್ವುರಿ. ದೆವ್ವ ಎರಡ ಸಲಾನ ಕರೀತೈತಿ, ಮೂರನೇದಕ್ಕ ಓ ಅನ್ನು ಅಂತ ನಮ್ಮವ್ವ ಹೇಳ್ಯಾಳ್ರಿ. ಕೈ ತಾನ ನಿಂತಬಿಡ್ತೈತಿ.”

ಬೈದು ಮತ್ತೆ ಕೂರಿಸಿದೆ. ಈ ಸಲ ಒಂದೂ ತಪ್ಪಲಿಲ್ಲ. ಯಂತ್ರ ಬಂದ್ ಮಾಡಿದೆ. ಅವಳು ಮತ್ತೆ ಗುಂಡಿ ಒತ್ತಿದಳು.

“ಮಷೀನ್ ಬಂದ್ ಐತಿ. ಈಗ್ಯಾಕ ಒತ್ತಿದಿ?”

“ನಿಮ್ಮ ಹೆಸರು ಹಿಡದು ಯಾರೋ ಕರದ್ರಲ್ರಿ?”

ಕಿವಿ ಚೆನ್ನಾಗಿದೆ ಎಂದು ಬರೆದುಕೊಟ್ಟು ಕಳಿಸಿದೆ. ಮಧ್ಯಾಹ್ನ ಊಟಕ್ಕೆ ಏಳುವಾಗ ಬಾಗಿಲ ಹೊರಗಿನಿಂದ ನನ್ನ ಹೆಸರು ನನಗೂ ಕೇಳಿಸಿತು. ಎರಡು ಸಲ. ಆಗಿನಿಂದ ಇಲ್ಲೇ ಕುಳಿತಿದ್ದೇನೆ.

ಹೊರಗಿರುವುದು ನಿಮ್ಮಲ್ಲೇ ಯಾರಾದರೂ ಆಗಿದ್ದರೆ, ದಯವಿಟ್ಟು ಇನ್ನೊಂದು ಸಲ ಕರೆಯಿರಿ. ಹಸಿವಾಗಿದೆ.