ಗುಡ್ಡ ಉಂಡಿತು ಎಂದ ಎಡಿಲ್ಮಾ

ಬೆಳಗಿನ ಐದೂವರೆ. ಲಾ ಪಲೋಮೆರಾ ಕಸದ ಗುಡ್ಡದ ನೆತ್ತಿಯಲ್ಲಿ ಹುಗಿದ ಕೊಳವೆಯೊಳಗೆ ಕಪ್ಪು ರಸ ನಿನ್ನೆಗಿಂತ ಒಂದು ಮೊಳ ಮೇಲೆ ಬಂದಿದೆ. ಎಡಿಲ್ಮಾ ಸನಾಬ್ರಿಯಾ ನಂಬದೆ ಅಳತೆಯ ಟೇಪನ್ನು ಮತ್ತೊಮ್ಮೆ ಇಳಿಸುತ್ತಾರೆ. ಅಷ್ಟೇ ಇದೆ.

ಕೊಲಂಬಿಯಾದ ಈ ಊರಿನ ಕಸವೆಲ್ಲ ಇಲ್ಲಿಗೇ ಬರುತ್ತದೆ. ಬೇಗ ಕೊಳೆಯಲೆಂದು, ಕಸದಿಂದ ಸೋರಿದ ರಸವನ್ನೇ ಪಂಪು ಹಚ್ಚಿ ಮರಳಿ ಗುಡ್ಡದ ಹೊಟ್ಟೆಗೆ ಬಿಡುತ್ತಾರೆ. ಒಳಗಿನ ಕಾವು, ಅನಿಲ, ರಸದ ಮಟ್ಟ ಅಳೆಯುವುದು ಎಡಿಲ್ಮಾ ಅವರ ಕೆಲಸ. ಗುಡ್ಡ ತಗ್ಗಿದರೆ ಕಸ ಕೊಳೆತಿದೆ ಎಂದರ್ಥ, ಹೊಸ ಕಸಕ್ಕೆ ಜಾಗವಾಯಿತು ಎಂದರ್ಥ. ‘ಗುಡ್ಡ ಉಂಡಿತು’ ಎನ್ನುತ್ತಾರೆ ಇಲ್ಲಿಯವರು. ಚೆನ್ನಾಗಿ ಉಂಡ ದಿನ ಎಲ್ಲರಿಗೂ ಬಿಸಿ ಅರೇಪಾ ರೊಟ್ಟಿ.

ಈ ಮಳೆಗಾಲದಲ್ಲಿ ಗುಡ್ಡ ಹೊಟ್ಟೆಬಾಕನಂತೆ ಉಂಡಿತು. ರೊಟ್ಟಿ ಹಂಚಿದವರು ಎಡಿಲ್ಮಾ. ಗುಡ್ಡದ ಬುಡದ ಕೇರಿಯಲ್ಲಿರುವ ತಂಗಿ ರೋಸ್ಮಿರಾಗೂ ಒಯ್ದು ಕೊಟ್ಟು, “ಹೆದರಬೇಡ ಕಣೇ, ನಿನ್ನ ತಲೆ ಮೇಲಿನ ಗುಡ್ಡ ಕರಗ್ತಾ ಇದೆ” ಎಂದಿದ್ದರು.

ಕಳೆದ ವಾರ ಇಳಿಜಾರಿನಲ್ಲಿ ಗುರುತಿಗೆಂದು ನೆಟ್ಟ ಗೂಟಗಳು ಕೇರಿಯ ಕಡೆಗೆ ವಾಲಿದ್ದು ಕಣ್ಣಿಗೆ ಬಿತ್ತು. ದಾರ ಹಿಡಿದು ನೋಡಿದರೆ, ಗುಡ್ಡ ಕೆಳಗಿಳಿದಷ್ಟೇ ಮುಂದಕ್ಕೂ ಸರಿದಿದೆ.

“ಉಂಡಿದ್ದಲ್ಲ, ಜಾರಿದ್ದು. ಎಷ್ಟು ತಗ್ಗಿತು ಅಂತ ನೋಡಿದೆ. ಎತ್ತ ಹೋಯ್ತು ಅಂತ ನೋಡ್ಲಿಲ್ಲ” ಎನ್ನುತ್ತಾರೆ ಎಡಿಲ್ಮಾ.

ಒಳಗೆ ರಸ ತುಂಬಿದಷ್ಟೂ ಗುಡ್ಡ ಜಾರುತ್ತದೆ, ಪಂಪು ನಿಲ್ಲಿಸಿ ಎಂದರೆ ಇಂಜಿನಿಯರ್ ಫಹಾರ್ದೊ ರೇಗುತ್ತಾರೆ. “ರಸದ ಕೆರೆ ತುಂಬಿ ನಿಂತಿದೆ, ಎಡಿಲ್ಮಾ ಅವರೇ. ನದಿಗೆ ಬಿಡೋ ಹಾಗಿಲ್ಲ. ಮತ್ತೆಲ್ಲಿಗೆ ಬಿಡ್ಲಿ, ನಿಮ್ಮನೆ ಸೂಪಿನ ಪಾತ್ರೆಗಾ?”

“ಇಡೀ ಗುಡ್ಡಾನೇ ನನ್ನ ತಂಗಿ ಪಾತ್ರೆಗೆ ಬೀಳೋ ಹಾಗಿದೆ, ಇಂಜಿನಿಯರೇ.”

“ಸೋಮವಾರ ನೋಡೋಣ.”

ಕೆಲಸ ಮುಗಿಸಿ ಎಡಿಲ್ಮಾ ಕೇರಿಗೆ ಇಳಿಯುತ್ತಾರೆ. ಮನೆ ಬಿಡು ಎಂದಾಗ ರೋಸ್ಮಿರಾ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. “ಅವತ್ತು ರೊಟ್ಟಿ ಕೊಟ್ಟು ಧೈರ್ಯ ಹೇಳಿದೋಳು ನೀನೇ. ಇವತ್ತು ಗಂಟುಮೂಟೆ ಕಟ್ಟು ಅಂತೀಯ. ಇದಕ್ಕೂ ಒಂದು ರೊಟ್ಟಿ ತಂದಿದ್ದೀಯೇನೇ ಅಕ್ಕಾ?”

ಪಕ್ಕದ ಮನೆಯವರು ನಗುತ್ತಾರೆ. ಅವರಿಗೂ ಅಂದು ರೊಟ್ಟಿಯ ಪಾಲು ಸಿಕ್ಕಿತ್ತು.

ಏನಾಗಬೇಕು ಎಂದು ಕೇಳಿದರೆ ಎಡಿಲ್ಮಾ ಗುಡ್ಡದ ಕಡೆ ನೋಡುತ್ತಾರೆ. “ನಿಂತಲ್ಲೇ ತಗ್ಗಲಿ. ಇನ್ನೇನೂ ಬೇಡ.”

ಶನಿವಾರ ರೋಸ್ಮಿರಾ ಗೊಣಗುತ್ತಲೇ ಅಕ್ಕನ ಮಾತಿಗೆ ಒಪ್ಪಿ, ಒಲೆ, ಕೋಳಿಗಳ ಸಮೇತ ಅಕ್ಕನ ಒಂದೇ ಕೋಣೆಯ ಮನೆ ಸೇರಿದರು. ಪಕ್ಕದ ಮನೆಯವರು ಕೇರಿ ಬಿಡಲಿಲ್ಲ. ಸೋಮವಾರವೂ ಪಂಪು ನಡೆಯುತ್ತಿತ್ತು.