ಅಕ್ಕನ ಏರುಮಡಿ

ಅಂಗಡಿಯ ಗಜ್ಜರಿಗಳೆಲ್ಲ, ಅದೇ ಕ್ಯಾರೆಟ್ಟುಗಳೆಲ್ಲ, ಒಂದೇ ಶಾಲೆಯ ಮಕ್ಕಳಂತೆ ನೆಟ್ಟಗೆ, ಒಂದೇ ಅಳತೆಯಲ್ಲಿ ಇರುವುದನ್ನು ನೀವೂ ಗಮನಿಸಿರಬಹುದು. ನಾನು ಮೊದಲ ಸಲ ಬೆಳೆದ ಗಜ್ಜರಿಗಳಿಗೆ ಈ ಶಿಸ್ತು ಇರಲಿಲ್ಲ. ತೊಂಬತ್ತರ ದಶಕದ ಕೊನೆಗೆ ನಾವು ಪುಣೆ ಹತ್ತಿರದ ನಿಗಡಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಲಿನ ನೆಲವೋ, ಗುದ್ದಲಿಗೇ ಎದುರುತ್ತರ ಕೊಡುವಂಥ ಗಟ್ಟಿ ಮೊರಂ ಕಲ್ಲುಮಣ್ಣು. ಅದರೊಳಗೆ ಇಳಿಯಲಾರದ ಗಜ್ಜರಿಗಳು ಕಲ್ಲು ಸಿಕ್ಕಲ್ಲೆಲ್ಲ ಕವಲೊಡೆದು, ಕಾಲು ಮಡಚಿ ಕುಳಿತ ಗುಮಾಸ್ತರಂತೆ, ಎಂದರೆ ಸಾಕ್ಷಾತ್ ನನ್ನಂತೆ, ಹೊರಬಂದವು. ಹೆಂಡತಿ ಅವನ್ನು ಅಡುಗೆಗೆ ಬಳಸಲಿಲ್ಲ, ನೆರೆಯವರಿಗೆ ತೋರಿಸಿದಳು.

ಆ ವರ್ಷವೇ ಗದಗಿನಿಂದ ಇಂದಿರಕ್ಕ ನಮ್ಮಲ್ಲಿರಲು ಬಂದಳು. ಮದುವೆಯಾಗದೆ, ಶಾಲೆ ಕಲಿಸಿ ನಿವೃತ್ತಳಾದ ನನ್ನ ಹಿರಿಯಕ್ಕ; ಬಿದ್ದು ಸೊಂಟ ಮುರಿದುಕೊಂಡ ಮೇಲೆ ಒಬ್ಬಳೇ ಇರುವುದು ಕಷ್ಟವಾಗಿತ್ತು. ಊರಲ್ಲಿ ಕೈತೋಟ ಮಾಡಿದವಳು, ಇಲ್ಲಿ ಕಿಟಕಿಯ ಬಳಿ ಕುಳಿತು ನನ್ನ ಕೃಷಿಪಾಂಡಿತ್ಯವನ್ನು ಮೌನವಾಗಿ ಸಹಿಸುತ್ತಿದ್ದಳು. ಒಂದು ದಿನ ಸಹನೆ ಮುಗಿಯಿತು.

“ನೆಲಾನ ಮ್ಯಾಲೆ ತಗೊಂಡು ಬಾರೊ. ನನಗ ಬಗ್ಗಾಕ ಆಗಂಗಿಲ್ಲ, ಗಜ್ಜರಿಗೆ ಇಳಿಯಾಕ ಆಗಂಗಿಲ್ಲ.”

ಕಂಪೌಂಡಿಗೆ ತಾಗಿದಂತೆ ಸೊಂಟದೆತ್ತರ ಇಟ್ಟಂಗಿ ಕಟ್ಟಿಸಿ, ಕಲ್ಲಿಲ್ಲದ ಮಣ್ಣು, ಮರಳು, ಹಳೆಯ ಗೊಬ್ಬರ ತುಂಬಿಸಿ ಏರುಮಡಿ ಮಾಡಿದೆ. ಮೊಳಕೆಗಳು ಒತ್ತಾಗಿ ಎದ್ದಾಗ ಕೀಳಲು ನನ್ನ ಹೆಂಡತಿಗೆ ಕೈ ಬರಲಿಲ್ಲ. “ಎಲ್ಲಾನೂ ಉಳಿಸ್ತೀನಿ ಅಂದ್ರ ಒಂದೂ ದಪ್ಪ ಆಗಂಗಿಲ್ಲವ್ವಾ,” ಎಂದು ಅಕ್ಕ ಊರುಗೋಲನ್ನು ಬದಿಗಿಟ್ಟು, ಗೋಡೆಗೆ ಒರಗಿ ನಿಂತು ಹೆಚ್ಚಿನವನ್ನು ಕಿತ್ತಳು. ಮನೆಯೊಳಗಿನ ಮಡಿಯನ್ನು ಎಂದೋ ಬಿಟ್ಟಿದ್ದವಳು ಹಿತ್ತಲಿನ ಈ ಮಡಿಯನ್ನು ಮಾತ್ರ ನಿಷ್ಠೆಯಿಂದ ಆಚರಿಸಿದಳು. ಮೂಲಂಗಿ ಬಂತು, ಬೀಟ್‌ರೂಟ್ ಬಂತು, ಕೊನೆಗೆ ಗಜ್ಜರಿಯೂ ನೆಟ್ಟಗೆ ಬಂತು. ವಿಚಾರಿಸಲು ಬಂದ ನೆರೆಯ ಹೆಂಗಸರೊಡನೆ ಮಾತಾಡುತ್ತಲೇ ಅಕ್ಕ ಮರಾಠಿ ಕಲಿತಳು.

ಕೆಲವು ಚಳಿಗಾಲಗಳ ನಂತರ ಮಾಲೀಕರು ಜಾಗವನ್ನು ಬಿಲ್ಡರ್‌ಗೆ ಮಾರಿದರು. ಗಜ್ಜರಿ ಆಗಿನ್ನೂ ಬೆರಳಿನಷ್ಟು. ಅಕ್ಕ ಒಂದೊಂದಾಗಿ ತಾನೇ ಕಿತ್ತಳು. “ಇನ್ನೊಂದು ತಿಂಗಳು ಸಿಕ್ಕಿದ್ರ ಆಗ್ತಿತ್ತು,” ಎಂದಳು, ಒಂದೇ ಸಲ. ನಾವು ಸೇರಿದ ಫ್ಲ್ಯಾಟಿನಲ್ಲಿ, ಸೋರುತ್ತದೆಂಬ ಭಯಕ್ಕೆ ತಾರಸಿಯ ಮೇಲೆ ಮಣ್ಣು ಹಾಕಲು ಸೊಸೈಟಿಯವರು ಬಿಡಲಿಲ್ಲ. ಅಕ್ಕ ಮತ್ತೆ ಕಿಟಕಿಯ ಬಳಿ ಕುಳಿತಳು.

ಒಂದು ಸಂಜೆ ಅವಳ ಒತ್ತಾಯಕ್ಕೆ ಹಳೆಯ ಜಾಗ ನೋಡಲು ರಿಕ್ಷಾದಲ್ಲಿ ಹೋದೆವು. ಮನೆ ಇರಲಿಲ್ಲ, ಮಡಿ ಇತ್ತು. ಅದರ ತುಂಬ ಮೂಲಂಗಿ ಸೊಪ್ಪು, ಪಕ್ಕದಲ್ಲಿ ಕೂಲಿಗಳ ತಗಡಿನ ಗುಡಿಸಲು. ನಮ್ಮ ಕನ್ನಡ ಕೇಳಿ, ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ನಿಂತಳು. ಕಲಬುರಗಿ ಕಡೆಯವಳು.

“ಇಟ್ಟಂಗಿ ಕೆಡವಾಕ ಬಂದಿದ್ರು, ನಾ ಬ್ಯಾಡ ಅಂದೆ ರೀ. ಮಣ್ಣು ಭಾಳ ಚಲೋ ಅದ. ಯಾರು ಮಾಡಿದ್ರೋ ಏನೋ.”

ಅಕ್ಕ ತಾನೆಂದು ಹೇಳಿಕೊಳ್ಳಲಿಲ್ಲ. ಮಣ್ಣಿನೊಳಗೆ ಕೈ ಇಳಿಸಿ, “ಮೂಲಂಗಿ ಆದಮ್ಯಾಲೆ ಇದರಾಗ ಬೀಟ್‌ರೂಟ್ ಹಾಕವ್ವಾ. ಬೀಜ ನಾ ತಂದು ಕೊಡ್ತೀನಿ,” ಎಂದಳು. ಇಬ್ಬರೂ ಕತ್ತಲಾಗುವವರೆಗೆ ಮಳೆ, ಹೊಲ, ಸೊಂಟನೋವು ಎಂದು ಮಾತಾಡಿದರು. ಅಷ್ಟು ನಗುವ ಅಕ್ಕನನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಬಳಿಕ ಅಕ್ಕನಿಗೆ ಜ್ವರ ಬಂದು ಬೀಜ ಒಯ್ಯುವುದು ತಡವಾಯಿತು. ಹೋದಾಗ ಅಲ್ಲಿ ಕಾಂಕ್ರೀಟಿನ ಕಂಬಗಳಿದ್ದವು. ಮಡಿಯೂ ಇಲ್ಲ, ಗುಡಿಸಲೂ ಇಲ್ಲ. ಆ ಕೂಲಿಗಳಲ್ಲಿ ಕೆಲವರು ರಾಂಜಣಗಾಂವದ ಕೆಲಸಕ್ಕೆ ಹೋದರು, ಉಳಿದವರು ಎಲ್ಲಿಗೋ, ಎಂದ ಕಾವಲುಗಾರ, ಯಾರು ಬೇಕಿತ್ತೆಂದು ಮರಾಠಿಯಲ್ಲಿ ಕೇಳಿದ.

ಅಕ್ಕ ನನ್ನ ಮುಖ ನೋಡಿದಳು. ಅಷ್ಟು ಮಾತಿನ ನಡುವೆ ಆ ಹೆಂಗಸಿನ ಹೆಸರು ಕೇಳಲು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

“ಮೂಲಂಗಿ ಹಾಕಿದ್ದಳಲ್ಲ, ಆಕಿ,” ಎಂದು ಅಕ್ಕ ಕನ್ನಡದಲ್ಲೇ ಹೇಳಿದಳು. ಅವನಿಗೆ ತಿಳಿಯಲಿಲ್ಲ.