ಬೊಂಡದ ಗಾಡಿ ಬರುವವರೆಗೆ

ಚೆನ್ನೈನ ಪೋರೂರು ಕೆರೆಯ ಕಡೆಯಿಂದ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹತ್ತಿರದ ಬೀದಿಯೊಂದರ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಚಂದ್ರಮತಿ ನೆಲ ಒರೆಸಿ ಮುಗಿಸಿ, ಬಕೆಟ್ಟನ್ನು ಮೂಲೆಗೆ ಸರಿಸಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾರೆ. ಹೆರಿಗೆ ಕೋಣೆಯ ಆಯಾ ಅವರು. ಬಿಳಿಕೂದಲನ್ನು ಬಿಗಿಯಾಗಿ ತುರುಬು ಕಟ್ಟಿ, ನೀಲಿ ಕೋಟು ತೊಟ್ಟು ಬಾಗಿಲಲ್ಲಿ ನಿಂತರೆ ಒಳಗೆ ಹೋಗುವ ಸೊಳ್ಳೆಯೂ ಅಪ್ಪಣೆ ಕೇಳಬೇಕು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಒಂದು ಸಂಸಾರವೇ ಹೊರಗೆ ಬರುತ್ತದೆ. ಮುಂದೆ ಶಿಲ್ಪಶ್ರೀ, ತುಂಬಿದ ಬಸುರಿ, ಸೊಂಟ ಹಿಡಿದುಕೊಂಡು. ಪಕ್ಕದಲ್ಲಿ ಗಂಡ ಪ್ರಭುದೇವ, ಪಾತ್ರೆ ಅಂಗಡಿಯ ಮಾಲೀಕ. ಹಿಂದೆ ಅತ್ತೆ ಕಲ್ಯಾಣಮ್ಮ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ರವೆ ಉಂಡೆಯ ಡಬ್ಬಿ. ಪ್ರಭುದೇವನ ಫೋನಿನಲ್ಲಿ ರಾಣೆಬೆನ್ನೂರಿನಿಂದ ಶಿಲ್ಪಶ್ರೀಯ ತಾಯಿಯ ದನಿಯೂ ಬಂದಿದೆ.

ಶಿಲ್ಪಶ್ರೀಗೆ ಇದು ಎರಡನೇ ಹೆರಿಗೆ. ಮೊದಲ ಸಲ ಮಗು ತಲೆ ಮೇಲೆ ಮಾಡಿಕೊಂಡು ಕೂತಿದ್ದರಿಂದ ಸಿಜೇರಿಯನ್ ಆಗಿತ್ತು. ಈ ಸಲ ತಲೆ ಕೆಳಗಿದೆ. ನಾರ್ಮಲ್‌ಗೆ ಪ್ರಯತ್ನಿಸಬಹುದು, ಬೇಡವೆಂದರೆ ಮತ್ತೆ ಆಪರೇಷನ್ನೇ ಮಾಡಬಹುದು, ಎರಡರಲ್ಲೂ ಅದರದರದೇ ಅಪಾಯವಿದೆ, ಹಳೆಯ ಹೊಲಿಗೆಯ ಮೇಲೆ ಕಣ್ಣಿಟ್ಟಿರಬೇಕು ಎಂದು ಡಾ. ಶರಣ್ಯಾ ಬಿಡಿಸಿ ಹೇಳಿದ್ದರು. ಆಯ್ಕೆ ನಿನ್ನದು ಎಂದೂ ಹೇಳಿದ್ದರು. ನಿರ್ಧಾರವಾಗದಿದ್ದರೆ ಇರಲಿ ಎಂದು ಶುಕ್ರವಾರಕ್ಕೆ ಆಪರೇಷನ್ ನಿಗದಿಯಾಗಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ನೋವು ಮಂಗಳವಾರವೇ ಬಂದುಬಿಟ್ಟಿದೆ. ಕೆಳಗೆ ಪರೀಕ್ಷೆ ಮಾಡಿದ ಡಾಕ್ಟರು, ಇನ್ನೂ ಶುರು, ಯೋಚಿಸಲು ಸ್ವಲ್ಪ ಹೊತ್ತಿದೆ, ಥಿಯೇಟರ್ ಸಿದ್ಧವಿರುತ್ತದೆ, ರೌಂಡ್ಸ್ ಮುಗಿಸಿ ಬರುವಷ್ಟರಲ್ಲಿ ಹೇಳು ಎಂದು ಹೋಗಿದ್ದಾರೆ.

ಹೇಳಬೇಕಾದವಳಿಗೆ ಬಾಯಿ ತೆರೆಯಲು ಬಿಟ್ಟರೆ ತಾನೇ?

"ನಮ್ಮನ್ಯಾಗ ಎಲ್ಲಾರಿಗೂ ನಾರ್ಮಲ್ಲೇ ಆಗೈತಿ. ಒಂಚೂರು ತಡ್ಕೊಂಡ್ರ ಇಕಿಗೂ ಆಗ್ತೈತಿ" ಎನ್ನುತ್ತಾರೆ ಕಲ್ಯಾಣಮ್ಮ. "ಬ್ಯಾಡ್ರೀ, ಹೊಲಿಗಿ ಬಿಚ್ಚಿದ್ರ ಏನ್ ಗತಿ? ಕೊಯ್ದು ತಗಿಸಿಬಿಡ್ರಿ" ಎಂದು ಫೋನು ಅಳುತ್ತದೆ. "ಡಾಕ್ಟರ್ ಸೊನ್ನಾ ಸರಿ, ಅವರು ಹೇಳ್ದಂಗ ಮಾಡೋಣ" ಎಂದು ಪ್ರಭುದೇವ ಅರ್ಧ ತಮಿಳಿನಲ್ಲಿ ನುಣುಚಿಕೊಳ್ಳುತ್ತಾನೆ. ಮದುಮಗಳೊಬ್ಬಳನ್ನು ಬಿಟ್ಟು ಊರಿನವರನ್ನೆಲ್ಲ ಒಪ್ಪಿಗೆ ಕೇಳಿದ ಹಾಗಿದೆ. ಶಿಲ್ಪಶ್ರೀ ಗೋಡೆ ನೋಡುತ್ತಿದ್ದಾಳೆ.

ಚಂದ್ರಮತಿ ಉಂಡೆಯ ಡಬ್ಬಿಯನ್ನು ಮೆಲ್ಲಗೆ ತೆಗೆದು ಕಪಾಟಿನ ಮೇಲಿಡುತ್ತಾರೆ. ಆಪರೇಷನ್ ಆಗಬಹುದಾದ ಹೊಟ್ಟೆಗೆ ಗಟ್ಟಿ ತಿನಿಸು ಸಲ್ಲದು. ಆಮೇಲೆ ಕಲ್ಯಾಣಮ್ಮನ ಭುಜ ಮುಟ್ಟಿ ಹೇಳುತ್ತಾರೆ: "ಅಮ್ಮ, ಒಂದು ಉಪಕಾರ ಆಗ್ಬೇಕಿತ್ತು. ಕೆಳಗೆ ಹೋಗಿ ಒಂದು ಬೊಂಡ ತರ್ತೀರಾ? ಎಳನೀರು ಮಾರಾಯ್ರೆ. ಮಗನನ್ನೂ ಕರ್ಕೊಂಡು ಹೋಗಿ. ಆದ್ರೆ ನೀವೇ ಆರಿಸ್ಬೇಕು, ಗಂಡಸರಿಗೆ ಎಳೆಯದ್ದು ಯಾವುದು ಬಲ್ತದ್ದು ಯಾವುದು ಗೊತ್ತಾಗುದಿಲ್ಲ."

ದೊಡ್ಡ ಜವಾಬ್ದಾರಿ ಹೊತ್ತವರ ಗತ್ತಿನಲ್ಲಿ ಕಲ್ಯಾಣಮ್ಮ ಹೊರಡುತ್ತಾರೆ. ಬಿಸಿಲು ಏರದೆ ಆ ಬೀದಿಗೆ ಬೊಂಡದ ಗಾಡಿ ಬರುವುದಿಲ್ಲ ಎಂಬುದು ಚಂದ್ರಮತಿಗೆ ಚೆನ್ನಾಗಿ ಗೊತ್ತು. ಬಂದರೂ ಆ ನೀರು ಬಸುರಿಗಲ್ಲ, ಖಾಲಿ ಹೊಟ್ಟೆಯಲ್ಲಿ ಓಡಿ ಬಂದ ಅತ್ತೆಗೇ. ಇಷ್ಟು ವರ್ಷಗಳಲ್ಲಿ ಅವರು ಹೀಗೆ ಎಷ್ಟು ಅತ್ತೆಯರನ್ನು, ಅಮ್ಮಂದಿರನ್ನು, ನಾದಿನಿಯರನ್ನು ಆ ಗಾಡಿಗಾಗಿ ಕಾಯಿಸಿದ್ದಾರೋ ಲೆಕ್ಕವಿಲ್ಲ. "ಹೊರಗೆ ಹೋಗಿ ಅಂದ್ರೆ ಜಗಳ ಆಗ್ತದೆ. ಕೆಲಸ ಕೊಟ್ರೆ ಖುಷಿಯಲ್ಲಿ ಹೋಗ್ತಾರೆ. ಅವ್ರೂ ಪಾಪ, ಹೆದರಿಕೆಗೆ ಮಾತಾಡುದು" ಎಂದು ನಗುತ್ತಾರೆ.

ಕಾರ್ಕಳದ ಕಡೆಯ ಚಂದ್ರಮತಿ ಮದುವೆಯಾಗಿ ಚೆನ್ನೈಗೆ ಬಂದಾಗ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ಗಂಡ ಬಾಬು ಮೈಲಾಪೂರಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ದೋಸೆ ಕಲ್ಲಿನ ಮುಂದೆ ನಿಂತವರು. ಈಗ ಮಂಡಿ ಹೋಗಿದೆ, ಅದೇ ಹೋಟೆಲಿನಲ್ಲಿ ಕೂತು ತರಕಾರಿ ಹೆಚ್ಚುತ್ತಾರೆ. ಮಗಳು ನಮಿತಾ ಹುಟ್ಟುವಾಗ ಚಂದ್ರಮತಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೋದರು. ಎಲ್ಲಿಗೆ, ಏಕೆ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ತಿಳಿಯುತ್ತಿರಲಿಲ್ಲ. "ಮೇಲೆ ಲೈಟುಗಳು ಓಡ್ತಾ ಇದ್ವು. ನಾನು ಸತ್ತೆ ಅಂತ್ಲೇ ಗ್ರಹಿಸಿದ್ದು. ಆಮೇಲೆ ಆಯಾ ಹೊರಗೆ ಹೋಗಿ 'ಪೊಣ್ಣು' ಅಂತ ಕೂಗಿದ್ಳಂತೆ, ಹೆಣ್ಣು ಅಂತ. ನಾನು ಬದುಕಿದ್ದೇನಾ ಇಲ್ವಾ ಅಂತ ಯಾರೂ ಕೇಳ್ಲಿಲ್ಲ."

ಪೋರೂರಿನ ಆಸ್ಪತ್ರೆಗೆ ಸೇರಿದ್ದು ನೆಲ ಒರೆಸಲು. ಭಾಷೆ ತಿಳಿಯದೆ ಅಳುತ್ತಿದ್ದ ಕನ್ನಡದ ಬಾಣಂತಿಯೊಬ್ಬಳ ಬಳಿ ಕೂರಲು ಡಾಕ್ಟರು ಕರೆದರು. ಹಾಗೆ ಕೂತವರು ಇಂದಿಗೂ ಎದ್ದಿಲ್ಲ. ದಿನಕ್ಕೆ ಎರಡೋ ಮೂರೋ ಹೆರಿಗೆ, ತುಂಬಿದ ದಿನ ಐದಾರು; ನಡುನಡುವೆ ನೆಲ, ಬೆಡ್‌ಷೀಟು, ಬಿಸಿನೀರು. ಊಟ ಸಿಕ್ಕರೆ ಸಿಕ್ಕಿತು. "ಕೆಲಸ ಗೊತ್ತಿರುದು ಡಾಕ್ಟ್ರಿಗೆ, ಸಿಸ್ಟರಿಗೆ. ನಾನು ಕೂರುವವಳು" ಎನ್ನುತ್ತಾರೆ. ಕೂರುವುದೂ ಒಂದು ಕೆಲಸವೇ ಎಂದು ಕೇಳುವವರು ಅವರು ಕಾಲೊತ್ತುವುದನ್ನು ಒಮ್ಮೆ ನೋಡಬೇಕು. ಹೆತ್ತ ತಾಯಿಯ ಕಾಲನ್ನೂ ಯಾರೂ ಅಷ್ಟು ಅಕ್ಕರೆಯಿಂದ ಒತ್ತಿರಲಾರರು.

ಈಗ ಒತ್ತುತ್ತಿರುವುದು ಶಿಲ್ಪಶ್ರೀಯ ಪಾದ. ನೋವೊಂದು ಬಂದು ಹೋಗುತ್ತದೆ. ಆಮೇಲೆ ಅವಳು, ಈ ಕೋಣೆಗೆ ಬಂದ ಎಲ್ಲರೂ ಕೇಳುವ ಪ್ರಶ್ನೆ ಕೇಳುತ್ತಾಳೆ. "ಆಯಮ್ಮ, ನೀವಾಗಿದ್ರ ಏನ್ ಮಾಡ್ತಿದ್ರಿ?"

"ನನ್ನ ಹೊಟ್ಟೆ ಬೇರೆ, ನಿನ್ನ ಹೊಟ್ಟೆ ಬೇರೆ ಮಗಾ. ನಿಂಗೆ ಎಂತದ್ರ ಹೆದರಿಕೆ, ಅದು ಹೇಳು."

ಶಿಲ್ಪಶ್ರೀ ಮೊಣಕೈ ಊರಿ ಎದ್ದು ಕೂರುತ್ತಾಳೆ. "ಕೊಯ್ಯೋದ್ರ ಅಂಜಿಕಿ ಅಲ್ರೀ. ಹ್ವಾದ ಸಲ ಎಲ್ಲಾರೂ ನನ್ನ ತಲಿ ಮ್ಯಾಲೆ ಮಾತಾಡ್ಕೊಂಡ್ರು. ನನಗ ಯಾರೂ ಒಂದ್ ಮಾತು ಹೇಳ್ಲಿಲ್ಲ. ಒಮ್ಮೆ ನಾರ್ಮಲ್ ಆಗ್ತೈತೇನು ನೋಡ್ಬೇಕು ಅನಸ್ತೈತಿ. ಆದ್ರ ನಾ ಸಾಕು ಅಂದ್ರ ಸಾಕು. ಆಮ್ಯಾಲೆ ಯಾರೂ ಇನ್ನೊಂಚೂರು ತಡಿ ಅನಬಾರ್ದು."

"ಇದನ್ನೇ ಡಾಕ್ಟ್ರಿಗೆ ಹೇಳು. ನಾನು ಹೇಳುದಿಲ್ಲ. ನೀನೇ ಹೇಳ್ಬೇಕು."

ಡಾ. ಶರಣ್ಯಾ ಬಂದಾಗ ಶಿಲ್ಪಶ್ರೀ ತಡವರಿಸುತ್ತಲೇ, ತಮಿಳು ಕನ್ನಡ ಬೆರೆಸಿ, ಪೂರ್ತಿ ಹೇಳುತ್ತಾಳೆ. ಡಾಕ್ಟರು ಒಪ್ಪುತ್ತಾರೆ, ಮಗುವಿನ ಎದೆಬಡಿತಕ್ಕೆ ಯಂತ್ರ ಕಟ್ಟಿ, ಅದು ಏರುಪೇರಾದರೆ ಮಾತ್ರ ನಿನ್ನ ಮಾತಿಗೂ ಕಾಯುವುದಿಲ್ಲ ಎನ್ನುತ್ತಾರೆ. ಕೊನೆಗೂ ಸಿಕ್ಕ ಎಳನೀರು ಹಿಡಿದು ಬಾಗಿಲಲ್ಲಿ ನಿಂತ ಕಲ್ಯಾಣಮ್ಮ ಸೊಸೆಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದಾರೆ. ಎಳನೀರನ್ನು ತಾವೇ ಕುಡಿಯಬೇಕೆಂದು ತಿಳಿದಾಗ ಅವರ ಮುಖ ನೋಡಬೇಕಿತ್ತು.

ಬೆಳಗು ಕಳೆದು ಮಧ್ಯಾಹ್ನವಾಗುತ್ತದೆ. ಶಿಲ್ಪಶ್ರೀ ನಡೆಯುತ್ತಾಳೆ, ಕೂರುತ್ತಾಳೆ, ಚಂದ್ರಮತಿಯ ಕೈಯನ್ನು ಗುರುತು ಬೀಳುವಷ್ಟು ಹಿಂಡುತ್ತಾಳೆ. ನೋವು ಏರುತ್ತದೆ, ಹೆರಿಗೆ ಮಾತ್ರ ಮುಂದುವರಿಯುವುದಿಲ್ಲ. ಮಗು ಚೆನ್ನಾಗಿದೆ, ಸ್ವಲ್ಪ ಕಾಯಬಹುದು, ಆದರೆ ಆಗಿಯೇ ಆಗುತ್ತದೆಂದು ಹೇಳಲಾರೆ ಎನ್ನುತ್ತಾರೆ ಡಾಕ್ಟರು. "ಇನ್ನೊಂಚೂರು..." ಎಂದು ಕಲ್ಯಾಣಮ್ಮ ಬಾಯಿ ತೆರೆದು, ಸೊಸೆಯ ಮುಖ ಕಂಡು, ಅಲ್ಲಿಗೇ ನಿಲ್ಲಿಸುತ್ತಾರೆ.

"ಸಾಕ್ರೀ ಡಾಕ್ಟ್ರೇ" ಎನ್ನುತ್ತಾಳೆ ಶಿಲ್ಪಶ್ರೀ. "ಆಪರೇಷನ್ ಮಾಡ್ರಿ." ಯಾರೂ ಎರಡನೇ ಮಾತು ಕೇಳುವುದಿಲ್ಲ.

ಸ್ಟ್ರೆಚರ್ ಹೊರಡುತ್ತದೆ. ಪಕ್ಕದಲ್ಲೇ ಚಂದ್ರಮತಿ, ಎಲ್ಲವನ್ನೂ ಒಂದು ಹೆಜ್ಜೆ ಮುಂಚೆ ಹೇಳುತ್ತಾ. "ಈಗ ಬಾಗಿಲು. ಈಗ ಮೇಲೆ ಲೈಟು ಬರ್ತದೆ, ಕಣ್ಣು ಮುಚ್ಚುದಾದ್ರೆ ಮುಚ್ಚು. ಒಳಗೆ ಚಳಿ ಉಂಟು, ಎ.ಸಿ. ಅಷ್ಟೇ. ಈಗ ಬೆನ್ನಿಗೆ ಸೂಜಿ. ನಾನು ಇಲ್ಲೇ ಇದ್ದೇನೆ."

ಮಗುವನ್ನು ಹೊರಗೆ ತಂದು ತೋರಿಸುವ ಕೆಲಸ ಆಯಾಳದ್ದು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬರುವ ಚಂದ್ರಮತಿಯತ್ತ ಎಲ್ಲರೂ ನುಗ್ಗುತ್ತಾರೆ. ಅವರು ಕೂಸಿನ ಮುಖ ತೆರೆಯುವುದಿಲ್ಲ. ಮೊದಲು ಹೇಳುವುದು ಒಂದೇ ಮಾತು, ಯಾವ ಸಂಸಾರಕ್ಕಾದರೂ ಇದೇ ಕ್ರಮ: "ಶಿಲ್ಪಶ್ರೀ ಚೆನ್ನಾಗಿದ್ದಾಳೆ." ಕೇಳಿದವರು ಹೂಂ ಎಂದ ಮೇಲಷ್ಟೇ ಬಟ್ಟೆ ಸರಿಯುತ್ತದೆ. ಗಂಡು ಕೂಸು.

ಕಲ್ಯಾಣಮ್ಮನಿಗೆ ಸಂತೋಷ, ಆದರೂ ಒಂದು ಕೊಸರು. "ಅಷ್ಟು ಕಷ್ಟಪಟ್ರೂ ನಾರ್ಮಲ್ ಆಗ್ಲಿಲ್ಲ ನೋಡವಾ."

"ಮನೆಗೆ ನೆಂಟರು ಬಂದ್ರೆ ಯಾವ ಬಾಗಿಲಿಂದ ಬಂದ್ರಿ ಅಂತ ಕೇಳುದುಂಟಾ ಅಮ್ಮ?" ಎನ್ನುತ್ತಾರೆ ಚಂದ್ರಮತಿ. ಕಲ್ಯಾಣಮ್ಮ ನಕ್ಕು, ಕಣ್ಣೊರೆಸಿಕೊಂಡು, ಕೂಸಿಗೆ ಕೈ ಚಾಚುತ್ತಾರೆ.

ಸಂಜೆ ಕೋಟು ಕಳಚುವಾಗ ಚಂದ್ರಮತಿಯ ಫೋನು ಬಡಿದುಕೊಳ್ಳುತ್ತದೆ. ವೇಳಚ್ಚೇರಿಯಿಂದ ಮಗಳು ನಮಿತಾ. ಅವಳಿಗೂ ಮೊದಲನೆಯದು ಸಿಜೇರಿಯನ್, ಈಗ ಏಳನೇ ತಿಂಗಳು. ಕನ್ನಡ ತಿಳಿದರೂ ತಮಿಳಿನಲ್ಲೇ ಮಾತು. "ಅಮ್ಮಾ, ನೀ ಎನ್ನ ಸೊಲ್ರೆ?" ನೀನು ಏನು ಹೇಳುತ್ತೀ ಎಂದು ದಿನವೂ ಅದೇ ಪ್ರಶ್ನೆ. ಇಂದೂ ಚಂದ್ರಮತಿ, ಊಟ ಆಯ್ತಾ, ಕಾಲು ಬಾತಿದೆಯಾ ಎಂದು ಕೇಳಿ ಫೋನಿಡುತ್ತಾರೆ. ಹೇಳಲು ಬೇಕಾದಷ್ಟಿದೆ ಎಂಬುದು ಮುಖದಲ್ಲೇ ಕಾಣುತ್ತದೆ.

"ಹೇಳುದು ಆಚಾರ, ತಿನ್ನುದು ಬದನೆಕಾಯಿ ಆಗ್ಬಾರ್ದಲ್ಲ" ಎನ್ನುತ್ತಾರೆ. "ಊರವರ ಮಕ್ಕಳ ಹತ್ರ ಬಾಯಿ ಮುಚ್ಚಿ ಕೂರುದು ಸುಲಭ. ಸ್ವಂತ ಮಗಳು ನರಳುವಾಗ ನಾನು ಬಾಯಿ ಹಾಕದೆ ಇರ್ಲಿಕ್ಕಿಲ್ಲ. ನಂಗೊಂದೇ ಆಸೆ. ಆ ದಿವಸ ಅವಳ ಹತ್ರ ಒಬ್ಳು ಒಳ್ಳೆ ಆಯಾ ಇರ್ಬೇಕು. ನನ್ನನ್ನು ಬೊಂಡ ತರ್ಲಿಕ್ಕೆ ಕಳಿಸ್ಬೇಕು."

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾ ತಿರುಗಿ ನೋಡುತ್ತಾರೆ.

"ಗಾಡಿ ಇನ್ನೂ ಬರ್ಲಿಲ್ಲ ಅಂತ ನಂಗೆ ಗೊತ್ತಿರ್ತದೆ. ಆದ್ರೂ ಹೋಗ್ತೇನೆ."